ಸುಟ್ಟ ಗೋಡೆ ಮತ್ತೆ ಕಟ್ಟಬಹುದು, ದನಿಯನ್ನು ಕಟ್ಟುವುದು ಹೇಗೆ?

1996ರ ಜನವರಿ 29ರ ರಾತ್ರಿ ಇಟಲಿಯ ವೆನಿಸ್‌ನಲ್ಲಿ, ಒಪೆರಾ ಎಂಬ ಹಾಡುನಾಟಕಗಳನ್ನು ಆಡುವ ಲಾ ಫೆನಿಚೆ ಮಂದಿರ ಹೊತ್ತಿ ಉರಿಯಿತು. ಒಳಗೆ ದುರಸ್ತಿ ಕೆಲಸ ನಡೆಯುತ್ತಿತ್ತು. ಪಕ್ಕದ ಕಾಲುವೆಗಳನ್ನು ಶುಚಿ ಮಾಡಲೆಂದು ನೀರು ಬಸಿದಿದ್ದರು. ಹಾಗಾಗಿ ಬೆಂಕಿ ಆರಿಸುವ ದೋಣಿಗಳು ಹತ್ತಿರ ಬರಲು ಆಗಲಿಲ್ಲ. ಬೆಳಗಾಗುವಷ್ಟರಲ್ಲಿ ಉಳಿದದ್ದು ಹೊರಗೋಡೆಗಳು ಮಾತ್ರ. ಕೆಲಸ ತಡವಾದರೆ ದಂಡ ಬೀಳುತ್ತದೆ ಎಂದು ಹೆದರಿ ಇಬ್ಬರು ಎಲೆಕ್ಟ್ರಿಷಿಯನ್‌ಗಳೇ ಬೆಂಕಿ ಇಟ್ಟಿದ್ದರು ಅಂತ ಆಮೇಲೆ ನ್ಯಾಯಾಲಯ ತೀರ್ಪು ಕೊಟ್ಟಿತು.

ಊರಿನವರು ಒಂದೇ ಪಟ್ಟು ಹಿಡಿದರು. ಹೇಗಿತ್ತೋ ಹಾಗೆಯೇ, ಎಲ್ಲಿತ್ತೋ ಅಲ್ಲಿಯೇ ಕಟ್ಟಬೇಕು. ಗೋಡೆಯ ಚಿನ್ನದ ಹೂಬಳ್ಳಿಗಳಿಗೆ ಹಳೆಯ ಫೋಟೊಗಳಿದ್ದವು. ಪ್ರೇಕ್ಷಕರು ಕೂರುವ ಸಣ್ಣ ಕೋಣೆಗಳಾದ ಬಾಕ್ಸ್‌ಗಳಿಗೆ, ಮೆಟ್ಟಿಲಿಗೆ ನಕ್ಷೆಗಳಿದ್ದವು. ಆದರೆ ಸಂಗೀತಕಾರ ವೆರ್ಡಿಯ ಒಪೆರಾಗಳಾದ ರಿಗೊಲೆತ್ತೊ 1851ರಲ್ಲಿ, ಲಾ ತ್ರಾವಿಯಾತಾ 1853ರಲ್ಲಿ ಮೊದಲ ಸಲ ಮೊಳಗಿದ ಆ ಮಂದಿರದ ದನಿಗೆ ನಕ್ಷೆ ಎಲ್ಲಿಂದ ತರುವುದು?

ಅದೃಷ್ಟ ಅನ್ನಬೇಕು. ಬೆಂಕಿಗೆ ಎರಡು ತಿಂಗಳ ಹಿಂದಷ್ಟೇ ಲಂಬೆರ್ತೊ ತ್ರೊಂಕಿನ್ ಎಂಬ ಧ್ವನಿ ತಜ್ಞರು ಅಲ್ಲಿ ಅಳತೆ ಮಾಡಿದ್ದರು. ಮನುಷ್ಯ ಎರಡು ಕಿವಿಯಲ್ಲಿ ಕೇಳುವ ಹಾಗೆಯೇ ದಾಖಲಾಗುವಂತೆ ಮೈಕ್ ಇಟ್ಟು, ಮಂದಿರ ಒಂದು ಶಬ್ದಕ್ಕೆ ಹೇಗೆ ಉತ್ತರ ಕೊಡುತ್ತದೆ ಎಂಬುದನ್ನು ಹಿಡಿದಿಟ್ಟಿದ್ದರು. ಸುಟ್ಟುಹೋದ ಮಂದಿರದ ದನಿಯ ನಕ್ಷೆ ಅಂತ ಇದ್ದದ್ದು ಅದು. ಲಾ ಫೆನಿಚೆ 2003ರ ಡಿಸೆಂಬರ್ 14ರಂದು ಮತ್ತೆ ತೆರೆಯಿತು.

ಈ ಘಟನೆ ಎತ್ತಿದ ಪ್ರಶ್ನೆ ಇವತ್ತಿಗೂ ಬಗೆಹರಿದಿಲ್ಲ. ಇಟಲಿಯಲ್ಲಿ ಹಳೆಯ ಒಪೆರಾ ಮಂದಿರಗಳ ದುರಸ್ತಿ ಒಂದರ ಹಿಂದೆ ಒಂದು ನಡೆಯುತ್ತಲೇ ಇದೆ. ಬೊಲೊನ್ಯಾದ ತೆಯಾತ್ರೊ ಕೊಮುನಾಲೆಯನ್ನು 2022ರಲ್ಲಿ ಇದೇ ಕಾರಣಕ್ಕೆ ಮುಚ್ಚಿದರು. ಪ್ರದರ್ಶನಗಳು ಊರಿನ ಬೇರೆ ಸಭಾಂಗಣಕ್ಕೆ ಹೋದವು. 2023ರ ಡಿಸೆಂಬರ್‌ನಲ್ಲಿ ಯುನೆಸ್ಕೊ ಇಟಲಿಯ ಒಪೆರಾ ಗಾಯನವನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಹಾಡುವ ಕಲೆ ಪರಂಪರೆ. ಕಟ್ಟಡ ಪರಂಪರೆ. ಇವೆರಡರ ನಡುವೆ ಇರುವ ದನಿ ಯಾರ ಪಾಲಿಗೆ ಬರುತ್ತದೆ? ನನ್ನ ಪ್ರಕಾರ ಇಡೀ ವಿಷಯದ ತಿರುಳು ಇದೇ. ಇದನ್ನು ಅರ್ಥ ಮಾಡಿಕೊಳ್ಳಬೇಕಾದರೆ ಈ ಮಂದಿರಗಳು ಹೀಗೆ ಯಾಕೆ ಹುಟ್ಟಿದವು ಅಂತ ಮೊದಲು ನೋಡಬೇಕು. ಇವುಗಳ ಆಕಾರ ಕಿವಿಗಾಗಿ ಹುಟ್ಟಿದ್ದಲ್ಲ. ದುಡ್ಡಿಗಾಗಿ ಹುಟ್ಟಿದ್ದು.

ಟಿಕೆಟ್ ಬಂತು, ಬಾಕ್ಸ್ ಬಂತು

ಒಪೆರಾ ಮೊದಲಿಗೆ ಅರಮನೆಯ ಕಲೆ. 1598ರ ಹೊತ್ತಿಗೆ ಫ್ಲಾರೆನ್ಸ್‌ನಲ್ಲಿ ಶುರುವಾಯಿತು. ಮೊಂತೆವೆರ್ದಿಯ ಓರ್ಫೆಯೊ 1607ರಲ್ಲಿ ಮಾಂತುವಾದ ಅರಮನೆಯಲ್ಲಿ ನಡೆಯಿತು. ರಾಜನ ಮದುವೆ, ಹಬ್ಬ, ಅತಿಥಿಗಳು ಬಂದಾಗ ಆಡುವ ಆಟ ಅದು. ಟಿಕೆಟ್ ಇರಲಿಲ್ಲ, ಕರೆದವರು ಬರುತ್ತಿದ್ದರು. ಆ ಕಾಲದ ರಂಗಮಂದಿರಗಳೂ ಹಾಗೇ ಇದ್ದವು. ವಿಚೆಂಜಾದಲ್ಲಿ ಪಲ್ಲಾದಿಯೊ ಶುರು ಮಾಡಿದ, 1585ರಲ್ಲಿ ತೆರೆದ ತೆಯಾತ್ರೊ ಒಲಿಂಪಿಕೊ ಪ್ರಾಚೀನ ರೋಮನ್ ರಂಗದ ಮಾದರಿಯದು. ಅರ್ಧ ಅಂಡಾಕಾರದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೂರುವ ಜಾಗ. ಪಾರ್ಮಾದಲ್ಲಿ ಅಲೆಯೊತ್ತಿ 1618ರಲ್ಲಿ ಕಟ್ಟಿದ ಫಾರ್ನೇಸೆ ರಂಗಮಂದಿರ ಇನ್ನೂ ದೊಡ್ಡದು, ಇಂಗ್ಲಿಷಿನ ಯು ಅಕ್ಷರದ ಆಕಾರದ್ದು. ಎರಡರಲ್ಲೂ ಬಾಕ್ಸ್‌ಗಳಿಲ್ಲ.

ಎಲ್ಲ ಬದಲಾದದ್ದು 1637ರಲ್ಲಿ. ವೆನಿಸ್‌ನಲ್ಲಿ ರಾಜನಿರಲಿಲ್ಲ. ವ್ಯಾಪಾರಿ ಕುಟುಂಬಗಳ ಗಣರಾಜ್ಯ ಅದು. ಅಲ್ಲಿನ ತ್ರೋನ್ ಮನೆತನದ ಸಾನ್ ಕಸ್ಸಿಯಾನೊ ರಂಗಮಂದಿರ ಆ ವರ್ಷದ ಕಾರ್ನಿವಲ್‌ನಲ್ಲಿ ಒಪೆರಾವನ್ನು ದುಡ್ಡು ಕೊಟ್ಟವರಿಗೆಲ್ಲ ತೋರಿಸಿತು. ಮನೆಲ್ಲಿಯ ಆಂದ್ರೊಮೆದಾ ಎಂಬ ಒಪೆರಾ ಅದು. ಸಾರ್ವಜನಿಕ ಒಪೆರಾ ಮಂದಿರದ ಇತಿಹಾಸ ಶುರುವಾಗುವುದು ಇಲ್ಲಿಂದ.

ಟಿಕೆಟ್ ದುಡ್ಡು ಒಂದರಿಂದಲೇ ಒಪೆರಾ ನಡೆಸಲು ಆಗುತ್ತಿರಲಿಲ್ಲ. ಗಾಯಕರ ಸಂಭಾವನೆ ಜಾಸ್ತಿ. ಪರದೆ, ಯಂತ್ರ, ದೀಪದ ಖರ್ಚು ಇನ್ನೂ ಜಾಸ್ತಿ. ಹಾಗಾಗಿ ಬಾಕ್ಸ್ ಪದ್ಧತಿ ಬೆಳೆಯಿತು. ಗೋಡೆಯುದ್ದಕ್ಕೂ ಒಂದರ ಮೇಲೊಂದು ಅಂತಸ್ತು. ಪ್ರತಿ ಅಂತಸ್ತಿನಲ್ಲೂ ಸಣ್ಣ ಸಣ್ಣ ಕೋಣೆಗಳು. ಪ್ರತಿ ಕೋಣೆ ಒಂದು ಕುಟುಂಬಕ್ಕೆ. ಕೊಂಡುಕೊಳ್ಳಬಹುದು, ವರ್ಷಕ್ಕಿಷ್ಟು ಎಂದು ಬಾಡಿಗೆಗೂ ಹಿಡಿಯಬಹುದು. ಮಂದಿರ ಕಟ್ಟುವುದಕ್ಕೆ ಬೇಕಾದ ಬಂಡವಾಳ ಹೀಗೆ ಬರುತ್ತಿತ್ತು. ಕೆಳಗಿನ ನೆಲದ ಮೇಲೆ ಸಾಮಾನ್ಯ ಪ್ರೇಕ್ಷಕರು. ಎಲ್ಲಕ್ಕಿಂತ ಮೇಲೆ, ಸೂರಿನ ಕೆಳಗೆ, ಕಡಿಮೆ ದುಡ್ಡಿನ ಗ್ಯಾಲರಿ.

ಬಾಕ್ಸ್ ಅಂದರೆ ಬರೀ ಆಸನ ಅಲ್ಲ. ಅದು ಆ ಕುಟುಂಬದ ಎರಡನೇ ಮನೆ. ಅಲ್ಲಿ ಊಟ ಮಾಡುತ್ತಿದ್ದರು. ಇಸ್ಪೀಟು ಆಡುತ್ತಿದ್ದರು. ಮದುವೆ ಮಾತುಕತೆ, ವ್ಯವಹಾರ ಎಲ್ಲ ಅಲ್ಲೇ. ಬೇಡ ಅನ್ನಿಸಿದಾಗ ಪರದೆ ಎಳೆದುಕೊಳ್ಳಬಹುದಿತ್ತು. ಇಷ್ಟವಾದ ಹಾಡು ಬಂದಾಗ ಪರದೆ ಸರಿಸಿ ಕೇಳುತ್ತಿದ್ದರು. ದಿನಾ ಸಂಜೆ ಬರುವವರಿಗೆ ಒಂದೇ ಒಪೆರಾ ಹತ್ತು ಸಲ ಕೇಳಿ ಬಾಯಿಪಾಠ ಆಗಿರುತ್ತಿತ್ತು. ಇದನ್ನು ಅಸಭ್ಯತೆ ಅಂತ ಬೈದವರು ಆಗಲೂ ಇದ್ದರು. ನನಗೆ ಹಾಗನ್ನಿಸುವುದಿಲ್ಲ. ರಾತ್ರಿಯಿಡೀ ಬಯಲಾಟ ನೋಡುವ ನಮ್ಮ ಜನರೂ ನಡುವೆ ಮಾತಾಡುತ್ತಾರೆ, ಚಹಾ ಕುಡಿಯುತ್ತಾರೆ, ಬೇಕಾದ ಪಾತ್ರ ಬಂದಾಗ ಎದ್ದು ಕೂರುತ್ತಾರೆ. ಕಲೆಯ ಜೊತೆ ಬದುಕುವ ಒಂದು ರೀತಿ ಅದು.

ಈ ಪದ್ಧತಿ ಎಷ್ಟು ಗಟ್ಟಿ ಅನ್ನುವುದಕ್ಕೆ ಮಿಲಾನ್ ನೋಡಿ. ಅಲ್ಲಿನ ಹಳೆಯ ಡ್ಯೂಕ್ ರಂಗಮಂದಿರ 1776ರ ಫೆಬ್ರವರಿಯಲ್ಲಿ ಸುಟ್ಟುಹೋಯಿತು. ಬಾಕ್ಸ್ ಇದ್ದ 90 ಶ್ರೀಮಂತರು ಊರಿನ ಆಡಳಿತ ನೋಡುತ್ತಿದ್ದ ಆರ್ಚ್‌ಡ್ಯೂಕ್ ಫರ್ಡಿನಾಂಡ್‌ಗೆ ಪತ್ರ ಬರೆದರು. ಹೊಸ ಮಂದಿರ ಬೇಕು, ಖರ್ಚು ನಾವು ಕೊಡುತ್ತೇವೆ. ಪಿಯರ್ಮರೀನಿ ಕಟ್ಟಿದ ಲಾ ಸ್ಕಾಲಾ 1778ರ ಆಗಸ್ಟ್ 3ರಂದು ಸಾಲಿಯೇರಿಯ ಒಪೆರಾದೊಂದಿಗೆ ತೆರೆಯಿತು. ಎರಡೂವರೆ ವರ್ಷದಲ್ಲಿ ಕೆಲಸ ಮುಗಿಯಿತು! ನೇಪಲ್ಸ್‌ನ ಸಾನ್ ಕಾರ್ಲೊ ಬೇರೆ ರೀತಿಯದು. ಅದು ಬೂರ್ಬನ್ ದೊರೆ ಚಾರ್ಲ್ಸ್ ಕಟ್ಟಿಸಿದ್ದು. 1737ರ ನವೆಂಬರ್ 4ರಂದು ತೆರೆಯಿತು. ಆರು ಅಂತಸ್ತು, 184 ಬಾಕ್ಸ್. ನಡುವೆ ರಾಜನಿಗೆ ದೊಡ್ಡ ಬಾಕ್ಸ್. ಅಂದರೆ ರಾಜನೇ ಕಟ್ಟಿಸಿದರೂ ಅಷ್ಟರಲ್ಲಿ ಮಾದರಿ ಗಟ್ಟಿಯಾಗಿತ್ತು.

ಇದು ದೊಡ್ಡ ಊರುಗಳ ಕಥೆ ಮಾತ್ರ ಅಲ್ಲ. ಮಧ್ಯ ಇಟಲಿಯ ಮಾರ್ಕೆ ಪ್ರಾಂತ್ಯದಲ್ಲಿ 19ನೇ ಶತಮಾನದಲ್ಲಿ ನೂರಕ್ಕೂ ಹೆಚ್ಚು ಇಂಥ ಮಂದಿರಗಳಿದ್ದವು. ಊರಿನ ಹತ್ತಾರು ಕುಟುಂಬಗಳು ಸೇರಿ, ಇವತ್ತು ಅಪಾರ್ಟ್‌ಮೆಂಟ್‌ನಲ್ಲಿ ಫ್ಲ್ಯಾಟ್ ಹಂಚಿಕೊಳ್ಳುವಂತೆ, ಒಂದೊಂದು ಬಾಕ್ಸ್‌ನ ಒಡೆತನ ಹಂಚಿಕೊಂಡು ಕಟ್ಟಿಸಿದವು. ಉಂಬ್ರಿಯಾದ ಮೊಂತೆ ಕಾಸ್ತೆಲ್ಲೊ ದಿ ವಿಬಿಯೊ ಎಂಬ ಪುಟ್ಟ ಊರಿನ ಕೊಂಕೊರ್ದಿಯಾ ಮಂದಿರದಲ್ಲಿ ಇರುವುದು 99 ಆಸನ. ಅದು 1808ರದ್ದು. ಅದರಲ್ಲೂ ಬಾಕ್ಸ್ ಇದೆ, ಬಣ್ಣದ ಚಿತ್ತಾರದ ಚಾವಣಿ ಇದೆ. ದೊಡ್ಡ ಮಂದಿರದಲ್ಲಿ ಇರುವುದೆಲ್ಲ ಇದೆ. ನನಗೆ ಲಾ ಸ್ಕಾಲಾಗಿಂತ ಇಂಥವುಗಳ ಮೇಲೇ ಪ್ರೀತಿ ಜಾಸ್ತಿ.

ಲಾಳದ ಆಕಾರ

ಬಾಕ್ಸ್‌ಗಳನ್ನು ಜಾಸ್ತಿ ಹಿಡಿಸಬೇಕು. ಎಲ್ಲರೂ ಎಲ್ಲರಿಗೂ ಕಾಣಬೇಕು. ರಂಗವೂ ಸ್ವಲ್ಪ ಮಟ್ಟಿಗೆ ಕಾಣಬೇಕು. ಈ ಮೂರು ಬೇಡಿಕೆಗಳ ನಡುವಿನ ರಾಜಿಯೇ ಕುದುರೆ ಲಾಳದ ಆಕಾರ. ಯು ಆಕಾರ, ಮೊಟ್ಟೆಯ ಆಕಾರ, ಗಂಟೆಯ ಆಕಾರ ಎಲ್ಲವನ್ನೂ ಪ್ರಯೋಗ ಮಾಡಿದರು. ಬಿಬಿಯೆನಾ ಮನೆತನದ ವಾಸ್ತುಶಿಲ್ಪಿಗಳಿಗೆ ಗಂಟೆಯ ಆಕಾರ ಇಷ್ಟ. 18ನೇ ಶತಮಾನದ ಕೊನೆಗೆ ಲಾಳ ಗೆದ್ದಿತು.

ದನಿಯ ಬಗ್ಗೆ ಯೋಚಿಸಿದವರು ಇರಲಿಲ್ಲ ಅಂತಲ್ಲ. ಇಟಲಿಯ ಲೇಖಕ ಅಲ್ಗರೊತ್ತಿ 1755ರಲ್ಲೇ ಒಪೆರಾ ಕುರಿತ ಪ್ರಬಂಧದಲ್ಲಿ ಇದನ್ನು ಚರ್ಚಿಸಿದರು. ಮಂದಿರ ತುಂಬಾ ದೊಡ್ಡದಾಗಬಾರದು, ಮನುಷ್ಯನ ಗಂಟಲಿಗೆ ಮಿತಿ ಇದೆ. ಒಳಗೆ ಮರ ಬಳಸಬೇಕು, ವಾದ್ಯಗಳನ್ನು ಮಾಡುವುದೂ ಮರದಿಂದಲೇ ತಾನೇ. ಟ್ಯೂರಿನ್‌ನ ತೆಯಾತ್ರೊ ರೆಜಿಯೊದಲ್ಲಿ ಆರ್ಕೆಸ್ಟ್ರಾ ಕೂರುವ ನೆಲದಡಿ ದನಿ ಮೊಳಗಲೆಂದು ಪೊಳ್ಳು ಜಾಗ ಬಿಟ್ಟಿದ್ದರು. ಇವೆಲ್ಲ ಅನುಭವದಿಂದ, ಊಹೆಯಿಂದ ಬಂದ ಮಾತುಗಳು. ಲೆಕ್ಕ ಯಾರ ಬಳಿಯೂ ಇರಲಿಲ್ಲ.

ಬೊಲೊನ್ಯಾದ ಕಥೆ ಇಲ್ಲಿ ಮುಖ್ಯ. ಅಲ್ಲಿನ ಹಳೆಯ ಮರದ ರಂಗಮಂದಿರ 1745ರಲ್ಲಿ ಸುಟ್ಟಿತ್ತು. ಆಂತೊನಿಯೊ ಬಿಬಿಯೆನಾ ಹೊಸದನ್ನು 1763ರಲ್ಲಿ ಮುಗಿಸುವಾಗ ಬಾಕ್ಸ್‌ಗಳನ್ನು ಇಟ್ಟಿಗೆ ಗಾರೆಯಲ್ಲೇ ಕಟ್ಟಿದರು. ಬೆಂಕಿಯಿಂದ ಉಳಿಸಬೇಕು ಅಂದರೆ ಗಾರೆ. ದನಿ ಚೆನ್ನಾಗಿರಬೇಕು ಅಂದರೆ ಮರ. ಇವತ್ತು ಸಂರಕ್ಷಣಾ ತಜ್ಞರು ಮತ್ತು ಅಗ್ನಿಶಾಮಕ ಇಲಾಖೆಯವರ ನಡುವೆ ನಡೆಯುವ ಜಗಳ ಇನ್ನೂರ ಅರವತ್ತು ವರ್ಷ ಹಳೆಯದು!

ದನಿ ಎಲ್ಲಿ ಹೋಗುತ್ತದೆ?

ಲೆಕ್ಕ ಬಂದದ್ದು ಅಮೆರಿಕದಿಂದ. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಉಪನ್ಯಾಸ ಕೋಣೆಯಲ್ಲಿ ಮಾತು ಅರ್ಥವೇ ಆಗುತ್ತಿರಲಿಲ್ಲ. ಆಡಿದ ಶಬ್ದ ಐದು ಸೆಕೆಂಡಿಗೂ ಜಾಸ್ತಿ ಗುಂಯ್ಗುಡುತ್ತಿತ್ತು. ಸರಿ ಮಾಡುವ ಕೆಲಸ ವ್ಯಾಲೇಸ್ ಸಬೀನ್ ಎಂಬ ಯುವ ಅಧ್ಯಾಪಕನ ಪಾಲಿಗೆ ಬಂತು. ಆತ ಪಕ್ಕದ ಸಭಾಂಗಣದ ಸೀಟಿನ ಮೆತ್ತೆಗಳನ್ನು ಹೊತ್ತು ತಂದು, ರಾತ್ರಿ ಹೊತ್ತು ಒಂದೊಂದಾಗಿ ಕೋಣೆಯಲ್ಲಿ ಹರಡಿ, ಆರ್ಗನ್ ಕೊಳವೆ ಊದಿಸಿ, ಶಬ್ದ ಅಡಗಲು ಎಷ್ಟು ಹೊತ್ತು ಬೇಕು ಅಂತ ಅಳೆದರು. ಹೊಸ ಮನೆಗೆ ಸಾಮಾನು ತರುವ ಮುಂಚೆ ಮಾತಾಡಿದರೆ ಗುಂಯ್ ಅನ್ನುತ್ತದೆ, ಹಾಸಿಗೆ ಪರದೆ ಬಂದ ಮೇಲೆ ಅನ್ನುವುದಿಲ್ಲ ಅಲ್ವಾ? ಅದನ್ನೇ ಸಬೀನ್ ಸೂತ್ರವಾಗಿಸಿದರು. ಕೋಣೆಯ ಗಾತ್ರ ಹೆಚ್ಚಿದಷ್ಟೂ ಗುಂಯ್ಗುಡುವಿಕೆ ಹೆಚ್ಚು. ಶಬ್ದ ಹೀರುವ ವಸ್ತು ಹೆಚ್ಚಿದಷ್ಟೂ ಕಡಿಮೆ. ಈ ಗುಂಯ್ಗುಡುವಿಕೆಗೆ ಅನುರಣನ ಅನ್ನುತ್ತಾರೆ. ಶಬ್ದ ನಿಂತ ಮೇಲೆ ಅದು 60 ಡೆಸಿಬೆಲ್ (ಶಬ್ದದ ಜೋರನ್ನು ಅಳೆಯುವ ಮಾನ) ಇಳಿಯಲು ಬೇಕಾಗುವ ಹೊತ್ತು ಅದರ ಅಳತೆ.

ಈ ಸೂತ್ರ ಇಟ್ಟುಕೊಂಡು ಒಪೆರಾ ಮಂದಿರವನ್ನು ನೋಡಿದರೆ ಎಲ್ಲ ಬೆಳಕಾಗುತ್ತದೆ. ಬಾಕ್ಸ್ ಪದ್ಧತಿ ಕಡಿಮೆ ಜಾಗದಲ್ಲಿ ತುಂಬಾ ಜನರನ್ನು ಗೋಡೆಗೆ ಅಂಟಿಸಿ ಕೂರಿಸುತ್ತದೆ. ಲಾ ಸ್ಕಾಲಾದಲ್ಲಿ ಒಬ್ಬೊಬ್ಬರ ಪಾಲಿಗೆ ಬರುವ ಗಾಳಿಯ ಜಾಗ ಐದಾರು ಘನ ಮೀಟರ್. ವಿಯೆನ್ನಾದ ಮ್ಯೂಸಿಕ್‌ಫೆರೈನ್ ಸಂಗೀತ ಕಛೇರಿ ಸಭಾಂಗಣದಲ್ಲಿ ಅದು ಸುಮಾರು ಒಂಬತ್ತು. ಪ್ರತಿ ಬಾಕ್ಸ್ ಒಂದು ಬಾಯ್ದೆರೆದ ಗುಹೆ. ಒಳಹೋದ ಶಬ್ದ ಮಖಮಲ್ಲು, ಪರದೆ, ಬಟ್ಟೆ ತೊಟ್ಟ ಜನರ ನಡುವೆ ಹೀರಿಹೋಗಿ ಹೊರಗೆ ಬರುವುದು ಸ್ವಲ್ಪವೇ. ಇದೆಲ್ಲದರ ಫಲ ಏನೆಂದರೆ ಲಾ ಸ್ಕಾಲಾದ ಅನುರಣನ ಸುಮಾರು 1.2 ಸೆಕೆಂಡ್. ಮ್ಯೂಸಿಕ್‌ಫೆರೈನ್‌ನದು ಸುಮಾರು 2 ಸೆಕೆಂಡ್. ದೊಡ್ಡ ಚರ್ಚುಗಳಲ್ಲಿ ಐದು ಸೆಕೆಂಡ್ ದಾಟುತ್ತದೆ.

ಕಡಿಮೆ ಅನುರಣನ ಅಂದರೆ ಮಾತು ಸ್ಪಷ್ಟ. ಇಟಲಿಯ ಸಂಗೀತಕಾರ ರೊಸ್ಸಿನಿಯ ಒಪೆರಾಗಳಲ್ಲಿ ಗಾಯಕ ಒಂದೇ ಉಸಿರಿಗೆ ಪಟಪಟ ಅಕ್ಷರ ಉದುರಿಸುತ್ತಾನೆ. ಸೆಕೆಂಡಿಗೆ ಏಳೆಂಟು ಅಕ್ಷರ ಅಂದುಕೊಳ್ಳಿ. ಚರ್ಚಿನಲ್ಲಿ ಹಾಡಿದರೆ ಅವೆಲ್ಲ ಒಂದರ ಮೇಲೊಂದು ಬಿದ್ದು ಕಲಸುಮೇಲೋಗರ ಆಗುತ್ತವೆ. ಲಾಳದ ಮಂದಿರದಲ್ಲಿ ಪ್ರತಿ ಅಕ್ಷರವೂ ಬಿಡಿಬಿಡಿಯಾಗಿ ಕೇಳುತ್ತದೆ. ರೊಸ್ಸಿನಿ ಬರೆದದ್ದು ಇಂಥ ಮಂದಿರಗಳಿಗೇ. ಕಟ್ಟಡ ಮೊದಲು ಇತ್ತು, ಸಂಗೀತ ಅದಕ್ಕೆ ಹೊಂದಿಕೊಂಡು ಬೆಳೆಯಿತು.

ಇನ್ನೊಂದು ವಿಷಯ ನನಗೆ ಇನ್ನೂ ಬೆರಗು ಹುಟ್ಟಿಸುತ್ತದೆ. ಮೈಕ್ ಇಲ್ಲದ ಒಬ್ಬ ಗಾಯಕಿ, ಎದುರಿಗೆ ಐವತ್ತು ಅರವತ್ತು ವಾದ್ಯಗಳ ಆರ್ಕೆಸ್ಟ್ರಾ. ಆದರೂ ಮೇಲಿನ ಗ್ಯಾಲರಿಯವರಿಗೆ ದನಿ ಕೇಳುತ್ತದೆ. ಹೇಗೆ? ಸ್ವೀಡನ್ನಿನ ಯೂಹಾನ್ ಸುಂಡ್‌ಬರ್ಗ್ 1970ರ ದಶಕದಲ್ಲಿ ಇದನ್ನು ವಿವರಿಸಿದರು. ಆರ್ಕೆಸ್ಟ್ರಾದ ಬಲ ಹೆಚ್ಚಾಗಿ ಇರುವುದು 500 ಹರ್ಟ್ಸ್, ಅಂದರೆ ಸೆಕೆಂಡಿಗೆ 500 ಕಂಪನದ ಆಸುಪಾಸಿನಲ್ಲಿ. ಅಲ್ಲಿಂದ ಮೇಲೆ ಹೋದಂತೆ ಕಡಿಮೆಯಾಗುತ್ತದೆ. ತರಬೇತಾದ ಒಪೆರಾ ಗಾಯಕರು, ಅದರಲ್ಲೂ ಗಂಡು ದನಿಯವರು, ಗಂಟಲಿನ ಆಕಾರವನ್ನು ಹದಗೊಳಿಸಿ 3000 ಹರ್ಟ್ಸ್ ಹತ್ತಿರ ಒಂದು ಹೊಳಪು ತರುತ್ತಾರೆ. ಆರ್ಕೆಸ್ಟ್ರಾ ಅಲ್ಲಿ ಸೊರಗಿರುತ್ತದೆ. ನಮ್ಮ ಕಿವಿಯೋ ಅಲ್ಲಿ ತುಂಬಾ ಚುರುಕು. ಎತ್ತರದ ಹೆಣ್ಣು ದನಿಗೆ ದಾರಿ ಸ್ವಲ್ಪ ಬೇರೆ, ಸ್ವರವೇ ಮೇಲಿರುವುದರಿಂದ ಅದು ಆರ್ಕೆಸ್ಟ್ರಾದ ದಟ್ಟಣೆಯನ್ನು ದಾಟಿ ಹೋಗುತ್ತದೆ. ಕಂಚಿನ ಕಂಠ ಅಂತ ನಾವು ಹೇಳುತ್ತೇವಲ್ಲ, ಆ ಕಂಚಿನ ನಾದಕ್ಕೊಂದು ಲೆಕ್ಕ ಇದೆ.

ಈಗ ಮಂದಿರದ ಒಳಮೈಯನ್ನು ಇದರ ಜೊತೆ ಇಟ್ಟು ನೋಡಿ. ತೆಳು ಹಲಗೆಯ ಗೋಡೆಗಳು, ಬೆತ್ತದಂಥ ಜೊಂಡಿನ ಚಾಪೆಗೆ ಗಾರೆ ಬಳಿದು ಮಾಡಿದ ಚಾವಣಿ. ಇವು ತಗ್ಗಿನ ಸ್ಥಾಯಿಯ ಶಬ್ದಕ್ಕೆ ಸಣ್ಣಗೆ ನಡುಗಿ ಅದನ್ನು ಹೀರುತ್ತವೆ. ಆರ್ಕೆಸ್ಟ್ರಾದ ಗುಡುಗು ಹೀಗೆ ಹದಕ್ಕೆ ಬರುತ್ತದೆ. ಮೇಲಿನ ಸ್ಥಾಯಿಯ ಶಬ್ದವನ್ನು ಅವೇ ಹಲಗೆ, ಅವೇ ಗಾರೆ ಚೆನ್ನಾಗಿ ಹಿಂದಕ್ಕೆ ಕಳಿಸುತ್ತವೆ. ಬಾಕ್ಸ್‌ಗಳ ಮುಂದಿನ ಗಿಡ್ಡ ಗೋಡೆಗಳು ಗಟ್ಟಿ ಮೈಯವು. ಗಾಯಕರ ದನಿ ಅವಕ್ಕೆ ತಾಗಿ ಕೆಳಗಿನ ಪ್ರೇಕ್ಷಕರಿಗೂ ಬರುತ್ತದೆ, ಹಾಡುವವರ ಕಿವಿಗೂ ಮರಳುತ್ತದೆ. ನೇರ ದನಿ ಬಂದ 50 ಮಿಲಿಸೆಕೆಂಡಿನೊಳಗೆ ತಲುಪುವ ಇಂಥ ಮರುದನಿಯನ್ನು ಕಿವಿ ಬೇರೆ ಅಂತ ಗುರುತಿಸುವುದಿಲ್ಲ. ಎರಡನ್ನೂ ಕೂಡಿಸಿ ಒಂದೇ ಗಟ್ಟಿ ದನಿಯಾಗಿ ಕೇಳುತ್ತದೆ. 50 ಮಿಲಿಸೆಕೆಂಡ್ ಅಂದರೆ ಶಬ್ದಕ್ಕೆ 17 ಮೀಟರ್ ಹೆಚ್ಚಿನ ದಾರಿ. ಇಕ್ಕಟ್ಟಾದ ಲಾಳದ ಮಂದಿರದಲ್ಲಿ ಬಹುಪಾಲು ಮರುದನಿ ಅಷ್ಟರೊಳಗೆ ಬಂದುಬಿಡುತ್ತದೆ. ಇನ್ನು ಬಾಗಿದ ಗೋಡೆ ಶಬ್ದವನ್ನು ಒಂದೇ ಕಡೆ ಕೂಡಿಹಾಕುವ ಅಪಾಯವಿರುತ್ತದೆ. ಇಲ್ಲಿ ಬಾಕ್ಸ್‌ಗಳ ತೆರಪು, ಕಂಬ, ಉಬ್ಬು ಚಿತ್ತಾರಗಳೇ ಅದನ್ನು ಒಡೆದು ಚದುರಿಸುತ್ತವೆ.

ಎಲ್ಲ ಆಸನಗಳೂ ಒಂದೇ ಥರ ಅಲ್ಲ. ಬಾಕ್ಸ್‌ನ ಮುಂದಿನ ಕುರ್ಚಿಯಲ್ಲಿ ಕೂತರೆ ದನಿ ಸೊಗಸು. ಅದೇ ಬಾಕ್ಸ್‌ನ ಹಿಂದಿನ ಕುರ್ಚಿಯಲ್ಲಿ ಮಂದ. ಚಾವಣಿಯಿಂದ ಬರುವ ಮರುದನಿ ಅಲ್ಲಿಗೆ ತಲುಪುವುದೇ ಇಲ್ಲ. ಅತಿ ಅಗ್ಗದ ಮೇಲಿನ ಗ್ಯಾಲರಿಯಲ್ಲಿ ಚಾವಣಿ ಹತ್ತಿರ, ಹಾಗಾಗಿ ದನಿ ತುಂಬಿ ಬರುತ್ತದೆ. ಲಾ ಸ್ಕಾಲಾದ ಗ್ಯಾಲರಿಯವರು ಸುಮ್ನೆ ಅಷ್ಟು ಕಟ್ಟುನಿಟ್ಟಿನ ವಿಮರ್ಶಕರಾಗಿಲ್ಲ. ಅವರಿಗೆ ಎಲ್ಲವೂ ಕೇಳುತ್ತದೆ.

ಈ ಮಾದರಿಯೇ ಎಲ್ಲ ಸಂಗೀತಕ್ಕೂ ಉತ್ತಮ ಅನ್ನಲಾರೆ. ಜರ್ಮನ್ ಸಂಗೀತಕಾರ ವಾಗ್ನರ್ ಬೈರಾಯ್ಟ್ ಎಂಬ ಊರಿಗೆ ಮೊದಲು ಬಂದದ್ದೇ ಅಲ್ಲಿದ್ದ 1748ರ ಬಿಬಿಯೆನಾ ಒಪೆರಾ ಮಂದಿರ ನೋಡಲು. ರಂಗ ಆಳವಾಗಿತ್ತು, ಆದರೆ ಅವರ ಆರ್ಕೆಸ್ಟ್ರಾಕ್ಕೆ ಜಾಗ ಸಾಲಲಿಲ್ಲ. ಕೊನೆಗೆ 1876ರಲ್ಲಿ ಅಕ್ಕಪಕ್ಕದ ಬಾಕ್ಸ್‌ಗಳೇ ಇಲ್ಲದ, ಬೀಸಣಿಗೆಯಂತೆ ಹರಡಿದ ಸಭಾಂಗಣವನ್ನೇ ಕಟ್ಟಿಸಿದರು. ಆರ್ಕೆಸ್ಟ್ರಾ ರಂಗದಡಿಗೆ ಸರಿಯಿತು, ಅದರ ಮೇಲೆ ಮುಚ್ಚಿಗೆ ಬಂತು. ಅಲ್ಲಿನ ಅನುರಣನ ಸುಮಾರು 1.5 ಸೆಕೆಂಡ್. ಬ್ಯೂನಸ್ ಐರಿಸ್‌ನ ತೆಯಾತ್ರೊ ಕೊಲೊನ್ 1908ರದ್ದು. ಅದು ಲಾಳದ ಆಕಾರದಲ್ಲೇ ಇದ್ದರೂ ಗಾತ್ರ ದೊಡ್ಡದು, ಅನುರಣನವೂ ಹೆಚ್ಚು, ಸುಮಾರು 1.6 ಸೆಕೆಂಡ್. ಧ್ವನಿ ತಜ್ಞ ಲಿಯೊ ಬೆರಾನೆಕ್ ಆರ್ಕೆಸ್ಟ್ರಾ ನಿರ್ದೇಶಕರ ಅಭಿಪ್ರಾಯ ಕೇಳಿದಾಗ ಮೊದಲ ಸ್ಥಾನ ಬಂದದ್ದು ಕೊಲೊನ್‌ಗೆ. ಪುಚ್ಚಿನಿ, ವಾಗ್ನರ್, ಸ್ಟ್ರಾಸ್ ನುಡಿಸುವ ಇಂದಿನ ನಿರ್ದೇಶಕರಿಗೆ ಸ್ವಲ್ಪ ತುಂಬು ದನಿ ಬೇಕು. ಅದು ಸಹಜ. ಆದರೆ ಆ ಕಾರಣಕ್ಕೆ ರೊಸ್ಸಿನಿಯ ಕಾಲದ ಮಂದಿರವನ್ನು ತಿದ್ದಲು ಹೋಗಬಾರದು.

ದುರಸ್ತಿಯ ಬಿಕ್ಕಟ್ಟು

ಈಗ ಮೊದಲಿನ ಪ್ರಶ್ನೆಗೆ ಬರೋಣ. ಹಳೆಯ ಮಂದಿರವನ್ನು ದುರಸ್ತಿ ಮಾಡುವಾಗ ದನಿ ಕೆಡುವುದು ಎಲ್ಲಿ?

ಹೆಚ್ಚಾಗಿ ಕಣ್ಣಿಗೆ ಬೀಳದ ಜಾಗದಲ್ಲಿ. ಹಳೆಯ ಮರದ ಕುರ್ಚಿ ತೆಗೆದು ದಪ್ಪ ಮೆತ್ತೆಯ ಸೀಟು ಹಾಕುತ್ತಾರೆ. ಕೂರಲು ಹಿತ. ಆದರೆ ಬಟ್ಟೆ, ಮೆತ್ತೆ ಮೊದಲು ಹೀರುವುದು ಮೇಲಿನ ಶಬ್ದವನ್ನು. ಅಂದರೆ ಗಾಯಕರ ದನಿಯನ್ನು ಆರ್ಕೆಸ್ಟ್ರಾದ ಮೇಲೆ ಎತ್ತಿ ಹಿಡಿಯುವ ಆ ಹೊಳಪನ್ನೇ. ನೆಲಕ್ಕೆ ಕಾರ್ಪೆಟ್ ಬಂದರೆ ಇನ್ನಷ್ಟು ಹೋಯಿತು. ಬೆಂಕಿಯ ಭಯಕ್ಕೆ ಹಲಗೆ ತೆಗೆದು ಕಾಂಕ್ರೀಟ್ ಹಾಕಿದರೆ ಉಲ್ಟಾ ತೊಂದರೆ. ತಗ್ಗಿನ ಶಬ್ದವನ್ನು ಹೀರುವವರೇ ಇಲ್ಲದೆ ಆರ್ಕೆಸ್ಟ್ರಾ ಗುಡುಗತೊಡಗುತ್ತದೆ. ಎಸಿ ಬಂದರೆ ಅದರ ಗಾಳಿಯ ಸದ್ದು ಅತಿ ಮೆಲುದನಿಯ ಹಾಡನ್ನು ನುಂಗುತ್ತದೆ. ಒಂದೊಂದೂ ಸಣ್ಣ ಬದಲಾವಣೆ, ಒಂದೊಂದಕ್ಕೂ ಒಳ್ಳೆಯ ಕಾರಣ ಇರುತ್ತದೆ. ಎಲ್ಲ ಸೇರಿದಾಗ ಮಂದಿರ ನೋಡಲು ಹಿಂದಿನದೇ, ಕೇಳಲು ಬೇರೆಯದೇ.

ಲಾ ಸ್ಕಾಲಾದಲ್ಲಿ 2002ರಿಂದ 2004ರವರೆಗೆ ನಡೆದ ದೊಡ್ಡ ದುರಸ್ತಿ ಇದಕ್ಕೆ ಒಳ್ಳೆಯ ಉದಾಹರಣೆ. ವಾಸ್ತುಶಿಲ್ಪಿ ಮಾರಿಯೊ ಬೊತ್ತಾ ರಂಗದ ಹಿಂದೆ ಹೊಸ ಗೋಪುರಗಳನ್ನು ಎಬ್ಬಿಸಿದಾಗ ದೊಡ್ಡ ವಿವಾದವೇ ಆಯಿತು. ಪತ್ರಿಕೆಗಳಲ್ಲಿ ಚರ್ಚೆಯಾದದ್ದು ಹೊರನೋಟ. ಒಳಗೆ ಧ್ವನಿ ತಜ್ಞ ಇಜಿನಿ ಅರಾವ್ ಕಾರ್ಪೆಟ್ ತೆಗೆಸಿ ಮರದ ನೆಲ ಹಾಕಿಸಿದರು. ಕೇಳುಗನಿಗೆ ದೊಡ್ಡ ಬದಲಾವಣೆ ಅಂದರೆ ಅದೇ. 2004ರ ಡಿಸೆಂಬರ್ 7ರಂದು, 1778ರಲ್ಲಿ ಮೊದಲ ದಿನ ಹಾಡಿದ್ದ ಸಾಲಿಯೇರಿಯ ಅದೇ ಒಪೆರಾದಿಂದಲೇ ಮಂದಿರ ಮತ್ತೆ ತೆರೆಯಿತು. ಹಾಡು ಅದೇ, ಆದರೆ ದನಿ 1778ರದ್ದೇ? ಅಲ್ಲ. 1778ರಲ್ಲಿ ಆರ್ಕೆಸ್ಟ್ರಾ ಪ್ರೇಕ್ಷಕರ ಮಟ್ಟದಲ್ಲೇ ಕೂರುತ್ತಿತ್ತು. ತಗ್ಗಿನ ಗುಂಡಿ ಬಂದದ್ದು 1907ರಲ್ಲಿ. 1943ರ ಆಗಸ್ಟ್‌ನಲ್ಲಿ ಬಾಂಬ್ ಬಿದ್ದು ಒಳಭಾಗ ಹಾಳಾಯಿತು. ಆರ್ಕೆಸ್ಟ್ರಾ ನಿರ್ದೇಶಕ ತೊಸ್ಕನಿನಿ 1946ರ ಮೇ 11ರಂದು ನಡೆಸಿಕೊಟ್ಟ ಕಛೇರಿಯ ದಿನ ಕೇಳಿದ್ದು ಮರುಕಟ್ಟಿದ ಮಂದಿರದ ದನಿ.

ಹಾಗಾದರೆ ಯಾವ ಕಾಲದ ದನಿಯನ್ನು ಉಳಿಸಬೇಕು? ಇದು ಕಷ್ಟದ ಪ್ರಶ್ನೆ. ಮೊದಲ ದಿನದ ದನಿಗೆ ಮರಳಬೇಕು ಅನ್ನುವವರಿದ್ದಾರೆ. ಆದರೆ ಆ ದನಿಯಲ್ಲಿ ನೆಲದ ಮೇಲೆ ನಿಂತ ಜನ, ಬಾಕ್ಸ್‌ಗಳ ಪರದೆ, ಎಣ್ಣೆ ದೀಪ, ಸಣ್ಣ ಆರ್ಕೆಸ್ಟ್ರಾ, ಮುಂದೆ ಚಾಚಿದ ರಂಗದ ತುದಿಗೆ ಬಂದು ಹಾಡುವ ಗಾಯಕ ಎಲ್ಲ ಸೇರಿದ್ದರು. ಅವನ್ನೆಲ್ಲ ಮರಳಿ ತರಲು ಆಗುವುದಿಲ್ಲ. ವೆನಿಸ್‌ನಲ್ಲಿ ಸಾನ್ ಕಸ್ಸಿಯಾನೊವನ್ನು 17ನೇ ಶತಮಾನದಲ್ಲಿ ಇದ್ದಂತೆ ಮತ್ತೆ ಕಟ್ಟುವ ಯೋಜನೆಯೊಂದು ಇದೆ. ಅದು ಆದರೆ ಕಲಿಯುವುದು ಬೇಕಾದಷ್ಟಿದೆ, ಆಗಲಿ ಅಂತ ಮನಸಾರೆ ಹಾರೈಸುತ್ತೇನೆ. ಆದರೆ ನಿಂತಿರುವ ಮಂದಿರಕ್ಕೆ ನನ್ನ ಉತ್ತರ ಬೇರೆ. ಈಗ ಬದುಕಿರುವ ಗಾಯಕರು, ವಾದ್ಯಗಾರರು, ಕೇಳುಗರು ಕಿವಿಯಲ್ಲಿ ಹೊತ್ತಿರುವ ದನಿಯನ್ನು ಆಧಾರ ಮಾಡಿಕೊಳ್ಳಬೇಕು. ಅದನ್ನು ಕೆಡಿಸಿದ ಕಾರ್ಪೆಟ್‌ನಂಥವನ್ನು ತೆಗೆಯಬೇಕು. ಅದಕ್ಕಿಂತ ಹಿಂದಿನ ಕಾಲಗಳನ್ನು ಕಂಪ್ಯೂಟರ್ ಮಾದರಿಯಲ್ಲಿ ಮರುಕಟ್ಟಿ ಕೇಳಬಹುದು. ಇವತ್ತು ಹೆಡ್‌ಫೋನ್ ಹಾಕಿಕೊಂಡು ಅದನ್ನು ಕೇಳುವ ತಂತ್ರಜ್ಞಾನ ಕೈಯಲ್ಲೇ ಇದೆ.

ಮೈಕ್ ಮತ್ತು ಸ್ಪೀಕರ್ ಇಟ್ಟು ದನಿಯ ಕೊರತೆ ತುಂಬಬಹುದಲ್ಲ ಅನ್ನುವ ವಾದವೂ ಇದೆ. ಅದನ್ನು ನಾನು ಒಪ್ಪುವುದಿಲ್ಲ. ಗಂಟಲಿನ ಆ 3000 ಹರ್ಟ್ಸ್ ಹೊಳಪು ವರ್ಷಗಟ್ಟಲೆ ಸಾಧನೆಯಿಂದ ಬರುವುದು ಮೈಕ್ ಇಲ್ಲದ ಮಂದಿರಕ್ಕಾಗಿಯೇ. ಮಂದಿರ ಬದಲಾದರೆ ಒಂದೆರಡು ತಲೆಮಾರಿನಲ್ಲಿ ಗಂಟಲೂ ಬದಲಾಗುತ್ತದೆ. ನಮ್ಮಲ್ಲಿ ಇದು ನಡೆದಿದೆ. ಕಂಪನಿ ನಾಟಕಗಳ ಕಾಲದಲ್ಲಿ ನಟರು ಮೈಕ್ ಇಲ್ಲದೆ ಕಂದ ಹಾಡಿ ಕೊನೆಯ ಸಾಲಿಗೆ ಮುಟ್ಟಿಸುತ್ತಿದ್ದರು. ಮೈಕ್ ಬಂದ ಮೇಲೆ ಆ ಹಾಡುವ ರೀತಿಯೇ ಕರಗಿತು. ಅಂದಹಾಗೆ ಗುಬ್ಬಿ ಕಂಪನಿಯಂಥ ತಂಡಗಳು ಬಳಸಿದ ಬಣ್ಣದ ಪರದೆ, ಸೈಡ್ ವಿಂಗ್, ಚೌಕಟ್ಟಿನ ರಂಗ ಇವೆಲ್ಲ ಇಟಲಿಯ ಒಪೆರಾ ರಂಗದಲ್ಲಿ ಬೆಳೆದು, ಇಂಗ್ಲೆಂಡಿನ ರಂಗಭೂಮಿಗೆ ಹೋಗಿ, ಮುಂಬೈನ ಪಾರ್ಸಿ ಕಂಪನಿಗಳ ಮೂಲಕ ನಮ್ಮ ಊರಿಗೆ ಬಂದವು. 1641ರಲ್ಲಿ ವೆನಿಸ್‌ನ ಹೊಸ ರಂಗಮಂದಿರವೊಂದರಲ್ಲಿ ತೊರೆಲ್ಲಿ ಎಂಬಾತ ಎಲ್ಲ ವಿಂಗ್‌ಗಳನ್ನೂ ಒಟ್ಟಿಗೆ ಸರಿಸಿ ಕ್ಷಣದಲ್ಲಿ ದೃಶ್ಯ ಬದಲಿಸುತ್ತಿದ್ದ. ಸಂಬಂಧ ದೂರದ್ದು, ಆದರೆ ನಿಜವಾದದ್ದು.

ಮುಂಬೈನಲ್ಲಿ ಆ ಕೊಂಡಿ ಇನ್ನೂ ಕಣ್ಣಿಗೆ ಕಾಣುತ್ತದೆ. ಅಲ್ಲಿನ ರಾಯಲ್ ಒಪೆರಾ ಹೌಸ್ ದೇಶದಲ್ಲಿ ಉಳಿದಿರುವ ಒಂದೇ ಒಪೆರಾ ಮಂದಿರ. 1911ರಲ್ಲಿ ಐದನೇ ಜಾರ್ಜ್ ಉದ್ಘಾಟಿಸಿದ್ದು. ಆಮೇಲೆ ಸಿನಿಮಾ ಮಂದಿರವಾಯಿತು, 1990ರ ದಶಕದಲ್ಲಿ ಮುಚ್ಚಿತು. ವಾಸ್ತುಶಿಲ್ಪಿ ಆಭಾ ನಾರಾಯಣ್ ಲಾಂಬಾ ಅದನ್ನು ಮರಳಿ ಸಜ್ಜುಗೊಳಿಸಿದರು. 2016ರಲ್ಲಿ ಪೆಟ್ರೀಷಿಯಾ ರೊಜಾರಿಯೊ ಅಲ್ಲಿ ಹಾಡಿದರು. ಬಾಕ್ಸ್‌ಗಳಿರುವ ಮಂದಿರದಲ್ಲಿ ಕೂತು ಕೇಳಬೇಕು ಅನ್ನುವವರಿಗೆ ವೆನಿಸ್‌ವರೆಗೆ ಹೋಗಬೇಕಾಗಿಲ್ಲ.

ಇಟಲಿಯ ಧ್ವನಿ ತಜ್ಞರು 1999ರಲ್ಲಿ ಫೆರಾರಾದಲ್ಲಿ ಒಂದು ಸನ್ನದು ರೂಪಿಸಿದರು. ಐತಿಹಾಸಿಕ ಮಂದಿರದ ದನಿಯೂ ಪರಂಪರೆಯೇ, ಅದನ್ನು ಎಲ್ಲರೂ ಒಂದೇ ಕ್ರಮದಲ್ಲಿ ಅಳೆದು ಇಡಬೇಕು ಅನ್ನುವುದು ಅದರ ಸಾರ. ಲಾ ಫೆನಿಚೆಯ ಬೆಂಕಿಗೆ ಆಗ ಮೂರೇ ವರ್ಷ. 1991ರಲ್ಲಿ ಇಟಲಿಯ ಬಾರಿ ಎಂಬ ಊರಿನ ಪೆತ್ರುಜೆಲ್ಲಿ, 1994ರಲ್ಲಿ ಬಾರ್ಸಿಲೋನಾದ ಲಿಸೇವು ಕೂಡ ಸುಟ್ಟಿದ್ದವು. ಐದು ವರ್ಷಗಳಲ್ಲಿ ಮೂರು ದೊಡ್ಡ ಮಂದಿರ ಹೋದಾಗ ತಜ್ಞರಿಗೆ ಅಳತೆಯ ತುರ್ತು ಅರ್ಥವಾಗಿತ್ತು. ಎಲ್ಲ ದಿಕ್ಕಿಗೂ ಸಮನಾಗಿ ಶಬ್ದ ಚೆಲ್ಲುವ ಹನ್ನೆರಡು ಮುಖದ ಒಂದು ಸ್ಪೀಕರ್, ಒಳ್ಳೆಯ ಮೈಕ್‌ಗಳು, ಒಂದು ಲ್ಯಾಪ್‌ಟಾಪ್, ಮಂದಿರ ಖಾಲಿ ಇರುವ ಒಂದು ರಾತ್ರಿ. ಅಳತೆಗೆ ಬೇಕಾದದ್ದು ಮುಖ್ಯವಾಗಿ ಇಷ್ಟು. ತಗ್ಗಿನಿಂದ ಮೇಲಿನವರೆಗೆ ಏರುವ ಒಂದು ಸ್ವರವನ್ನು ನುಡಿಸಿ, ನೆಲದಲ್ಲಿ, ಬಾಕ್ಸ್‌ನ ಮುಂದೆ ಮತ್ತು ಹಿಂದೆ, ಗ್ಯಾಲರಿಯಲ್ಲಿ ಅದು ಹೇಗೆ ತಲುಪುತ್ತದೆ ಅಂತ ದಾಖಲಿಸುತ್ತಾರೆ. ದುರಸ್ತಿಗೆ ಸುರಿಯುವ ಹಣದಲ್ಲಿ ಇದರ ಖರ್ಚು ಲೆಕ್ಕಕ್ಕೇ ಬರುವುದಿಲ್ಲ.

ಇದನ್ನು ಕಾಮಗಾರಿಯ ಕರಾರಿನಲ್ಲೇ ಕಡ್ಡಾಯ ಮಾಡಬೇಕು ಅನ್ನುವುದು ನನ್ನ ಬಲವಾದ ಅಭಿಪ್ರಾಯ. ಹಳೆಯ ಕುರ್ಚಿ ಕೀಳುವ ಮುಂಚೆ ಒಂದು ಅಳತೆ. ನೆಲ, ಗೋಡೆ ಮುಗಿದು ಸೀಟು ಕೂರಿಸುವ ಮುಂಚೆ ಒಂದು. ಸೀಟಿನ ಬಟ್ಟೆಯ ತುಂಡನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ವರದಿ ಕೈಗೆ ಬಂದ ಮೇಲೆಯೇ ಬಟ್ಟೆಗೆ ಆರ್ಡರ್. ಆಮೇಲೆ ಮಂದಿರ ತೆರೆಯುವ ಮುಂಚೆ, ಊರಿನ ಜನರನ್ನೇ ಕರೆದು ಕೂರಿಸಿ, ತುಂಬಿದ ಮಂದಿರದಲ್ಲಿ ಕೊನೆಯ ಅಳತೆ.